ಕಪ್ಪೆ ಕಥೆ, ನಾಲ್ಕನೇ ಸಲ

ರಜಕ್ಕೆ ಊರಿಗೆ ಬಂದಿದ್ದೇನೆ. ನಿನ್ನೆ ಅಣ್ಣನ ಮಗಳನ್ನು ಕರೆದುಕೊಂಡು ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿದ್ದೆ. ಅವಳು ಮೂರನೇ ಕ್ಲಾಸು. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಅಂತಿದೆ. 2020ರಲ್ಲಿ ಮಕ್ಕಳನ್ನು ಓದಿಗೆ ಸೆಳೆಯಲು ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಾವು ಚಿಕ್ಕವರಿದ್ದಾಗ ಅಲ್ಲಿ ಪೇಪರ್ ಓದುವ ದೊಡ್ಡವರು ಬಿಟ್ಟರೆ ಯಾರೂ ಕಾಣುತ್ತಿರಲಿಲ್ಲ.

ಅವಳು ಆರಿಸಿದ್ದು ಒಂದು ಕಪ್ಪೆ ಕಥೆ. ಪುಟಕ್ಕೆ ಎರಡೇ ಸಾಲು, ಉಳಿದದ್ದೆಲ್ಲ ಚಿತ್ರ. "ಇದು ಒಂದನೇ ಕ್ಲಾಸಿನವರದ್ದು, ಬೇರೆ ತಗೋ" ಅನ್ನುವ ಮಾತು ಬಾಯಿವರೆಗೂ ಬಂದಿತ್ತು. ನುಂಗಿಕೊಂಡೆ. ಚಾಪೆ ಮೇಲೆ ಬೋರಲು ಮಲಗಿ, ಕಾಲು ಆಡಿಸುತ್ತಾ ಅದನ್ನೇ ನಾಲ್ಕು ಸಲ ಓದಿದಳು. ಪ್ರತಿ ಸಲವೂ ಅದೇ ಪುಟದಲ್ಲಿ ಕಿಸಕ್ಕನೆ ನಗು.

ಮನೆಗೆ ಬಂದ ಕೂಡಲೇ ಅಣ್ಣ ಕೇಳಿದ, "ಕಥೆಯ ನೀತಿ ಏನು, ಹೇಳು ನೋಡೋಣ?" ಪಾಪ, ಮುಖ ಬಾಡಿಹೋಯಿತು. ಓದಿದ್ದಕ್ಕೆಲ್ಲ ಪರೀಕ್ಷೆ ಇಟ್ಟರೆ ಯಾವ ಮಗು ತಾನೇ ಪುಸ್ತಕ ಮುಟ್ಟುತ್ತೆ? ಅಣ್ಣ ಸಿನಿಮಾ ನೋಡಿ ಬಂದಾಗ ಅವನನ್ನು ಯಾರೂ ನೀತಿ ಕೇಳುವುದಿಲ್ಲ, ಅಲ್ವಾ!

ರಾತ್ರಿ ಊಟವಾದ ಮೇಲೆ ಮೆಲ್ಲಗೆ ಪಕ್ಕಕ್ಕೆ ಬಂದು ಕೂತಳು. "ಅತ್ತೆ, ಆ ಕಪ್ಪೆ ಪುಸ್ತಕ ನಾಳೆಯೂ ಅಲ್ಲೇ ಇರುತ್ತಾ?"