ಮೊದಲು ದಿಕ್ಕು, ಆಮೇಲೆ ಕಾಂಕ್ರೀಟು

2025 ಅಕ್ಟೋಬರ್ 9, ಗುರುವಾರ
ಕಿಲ್ನ್‌ಸೀ, ಪೂರ್ವ ಯಾರ್ಕ್‌ಶೈರ್, ಇಂಗ್ಲೆಂಡ್

ಕಡಲು ನುಂಗುತ್ತಿರುವ ಮಹಾಯುದ್ಧಗಳ ಕಾಲದ ಕಾಂಕ್ರೀಟ್ ರಕ್ಷಣಾ ಕಟ್ಟಡಗಳನ್ನು ಅಳೆದು ದಾಖಲಿಸುವುದು ಇಲ್ಲಿನ ಕೆಲಸ. ಮೊನ್ನೆ ಹುಣ್ಣಿಮೆ. ಹುಣ್ಣಿಮೆ ಕಳೆದ ಒಂದೆರಡು ದಿನ ಇಲ್ಲಿ ಇಳಿತ ತುಂಬ ಕೆಳಗೆ ಹೋಗುತ್ತದೆ, ಅದೂ ಹಗಲಿನಲ್ಲೇ. ಉಬ್ಬರಕ್ಕೂ ಇಳಿತಕ್ಕೂ ಸುಮಾರು 6 ಮೀಟರ್ ಅಂತರ. ಬೇರೆ ದಿನ ನೀರಡಿಯಲ್ಲಿರುವ ಕಾಂಕ್ರೀಟ್ ತುಂಡುಗಳು ತಲೆ ತೋರುವುದು ಆಗಲೇ. ಇಳಿತಕ್ಕೆ ಎರಡು ಗಂಟೆ ಮೊದಲು ಕೆಳಗಿಳಿಯುವುದು, ಇಳಿತ ಕಳೆದು ಒಂದು ಗಂಟೆಯೊಳಗೆ ಮೇಲೆ ಬರುವುದು. ಅಲ್ಲಿವರೆಗೆ ದಂಡೆಯ ಮೇಲಿನ ಕೆಲಸ.

ಫ್ಲಾಂಬರೋದಿಂದ ಸ್ಪರ್ನ್‌ವರೆಗಿನ ಈ ಹೋಲ್ಡರ್‌ನೆಸ್ ಕರಾವಳಿ ವರ್ಷಕ್ಕೆ ಸರಾಸರಿ ಒಂದೂವರೆಯಿಂದ ಎರಡು ಮೀಟರ್ ಹಿಂದೆ ಸರಿಯುತ್ತದೆ. ಉಳ್ಳಾಲದವರಿಗೆ ಕಡಲ್ಕೊರೆತ ಹೊಸ ಮಾತಲ್ಲ. ಆದರೆ ಅಲ್ಲಿ ಕೊಚ್ಚಿಹೋಗುವುದು ಮರಳು. ಇಲ್ಲಿ ಹಿಮಯುಗ ಬಿಟ್ಟುಹೋದ, ಕಲ್ಲು ಬೆರೆತ ಜೇಡಿಮಣ್ಣಿನ ದಿಬ್ಬ. ಕುಸಿದ ಜೇಡಿ ಮರಳಿ ದಂಡೆ ಕಟ್ಟುವುದಿಲ್ಲ. ಇನ್ನು ಆ ಸರಾಸರಿಯನ್ನು ನೆಚ್ಚಿಕೊಂಡು ಕೆಲಸ ಹಂಚಿಕೊಳ್ಳಬಾರದು. ಕಡಲಂಚಿನ ಮರಳು ಕೆಲವೆಡೆ ತೆಳುವಾಗಿ ಜೇಡಿಯೇ ಮೇಲೆ ಬಂದಿರುತ್ತದೆ. ಈ ತಗ್ಗಿಗೆ ಇಲ್ಲಿ ‘ಆರ್ಡ್’ ಎನ್ನುತ್ತಾರೆ. ತಗ್ಗು ಇರುವಲ್ಲಿ ಅಲೆ ನೇರವಾಗಿ ದಿಬ್ಬದ ಬುಡಕ್ಕೇ ಹೊಡೆಯುತ್ತದೆ, ಕೊರೆತ ಸರಾಸರಿಯ ಎಷ್ಟೋ ಪಾಲು ಹೆಚ್ಚು. ತಗ್ಗು ನಿಧಾನಕ್ಕೆ ದಕ್ಷಿಣಕ್ಕೆ ಸರಿಯುತ್ತದೆ. ಆದ್ದರಿಂದ ಯಾವ ಕಟ್ಟಡಕ್ಕೆ ಮೊದಲು ಹೋಗಬೇಕು ಎಂದು ತೀರ್ಮಾನಿಸಲು ದಿಬ್ಬದಂಚಿಗಿರುವ ದೂರ ಒಂದೇ ಸಾಲದು, ಈಗಿನ ತಗ್ಗಿನ ದಕ್ಷಿಣಕ್ಕೆ ಏನಿದೆ ಎಂದೂ ನೋಡಬೇಕು.

ಕಿಲ್ನ್‌ಸೀಯ ಗಾಡ್ವಿನ್ ಬ್ಯಾಟರಿ, ಅಂದರೆ ತೋಪುಗಳ ನೆಲೆ, ಮೊದಲ ಮಹಾಯುದ್ಧದ್ದು, ಎರಡು 9.2 ಇಂಚಿನ ತೋಪುಗಳಿಗೆ ಕಟ್ಟಿದ್ದು. ಈಗ ಅದರ ಭಾರೀ ಕಾಂಕ್ರೀಟ್ ಗಡ್ಡೆಗಳು ಕಡಲಂಚಿನಲ್ಲಿ ಚದುರಿ ಬಿದ್ದಿವೆ. ನೋಡಲು ಭವ್ಯ, ಓದಲು ಕಷ್ಟ: ಯಾವ ತುಂಡು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂಬುದು ಬರಿಗಣ್ಣಿಗೆ ಹೊಳೆಯದು. ಒಳಗಿನ ಹೊಲದಲ್ಲಿ ಅದೇ ಯುದ್ಧದ ‘ಸದ್ದಿನ ಕನ್ನಡಿ’ ಇನ್ನೂ ನಿಂತಿದೆ. ಸುಮಾರು 4.5 ಮೀಟರ್ ಎತ್ತರದ, ಬೋಗುಣಿಯಂತೆ ಒಳಬಾಗಿದ ಕಾಂಕ್ರೀಟ್ ಗೋಡೆ, ಜೆಪ್ಪೆಲಿನ್ ಎಂಬ ಜರ್ಮನ್ ವಾಯುನೌಕೆಗಳ ಸದ್ದನ್ನು ದೂರದಿಂದಲೇ ಹಿಡಿಯಲು. ಅದರ ಬೆಲೆಯೆಲ್ಲ ಅದು ಮುಖ ಮಾಡಿರುವ ದಿಕ್ಕಿನಲ್ಲಿದೆ. ಗೋಡೆಯ ದಪ್ಪವನ್ನು ಬಿದ್ದ ಮೇಲೂ ಅಳೆಯಬಹುದು, ದಿಕ್ಕನ್ನು ಅಳೆಯಲಾಗದು. ಹೊಸಬರು ಟೇಪು ಹಿಡಿದು ಗೋಡೆ ಅಳೆಯಲು ಓಡುತ್ತಾರೆ. ಪ್ರತಿ ಸಲ ತಡೆಯಬೇಕಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ ಕಟ್ಟಿದ ಪಿಲ್‌ಬಾಕ್ಸ್‌ಗೂ (ಒಳಗಿನಿಂದ ಗುಂಡು ಹಾರಿಸುವ ಪುಟ್ಟ ಕಾಂಕ್ರೀಟ್ ಕೋಣೆ) ಇದೇ ಕ್ರಮ. ಮೊದಲು ಪ್ರತಿ ಬಂದೂಕಿನ ಕಿಂಡಿಯ ದಿಕ್ಕು, ಅದರಿಂದ ಕಾಣುವುದೇನು: ರಸ್ತೆಯೋ, ಕಡಲಂಚೋ, ಇನ್ನೊಂದು ಪಿಲ್‌ಬಾಕ್ಸೋ. ಗೋಡೆಗೆ ಒರಗಿ ದಿಕ್ಸೂಚಿ ನೋಡಬಾರದು. ಒಳಗಿನ ಕಬ್ಬಿಣದ ಕಂಬಿ ಮುಳ್ಳನ್ನು ಎಳೆಯುತ್ತದೆ, ಫೋನಿನ ದಿಕ್ಸೂಚಿಯನ್ನಂತೂ ಕುಣಿಸುತ್ತದೆ. ಏಳೆಂಟು ಮೀಟರ್ ಹಿಂದೆ ಸರಿದು, ಕಿಂಡಿಯ ನೇರಕ್ಕೆ ಎರಡು ಕೋಲು ನೆಟ್ಟು, ಆ ಗೆರೆಯ ಕೋನ ತೆಗೆದುಕೊಳ್ಳಬೇಕು. ದಿಕ್ಸೂಚಿಯ ಮುಳ್ಳು ತೋರುವ ಕಾಂತೀಯ ಉತ್ತರವೋ ನಕ್ಷೆಯ ಗೆರೆ ತೋರುವ ಉತ್ತರವೋ ಎಂದು ಪಕ್ಕದಲ್ಲೇ ಬರೆಯಬೇಕು; ಬರೆಯದ ಕೋನ ಆರು ತಿಂಗಳ ನಂತರ ಯಾರಿಗೂ ಪ್ರಯೋಜನವಿಲ್ಲ.

ಆಮೇಲೆ ದಿಬ್ಬದಂಚಿನ ದೂರ. ಫೋನಿನ ಜಿಪಿಎಸ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ತಪ್ಪಬಹುದು, ಅಂದರೆ ಎರಡು ಮೂರು ವರ್ಷಗಳ ಕೊರೆತದಷ್ಟು. ದಿಬ್ಬದ ಬುಡದಲ್ಲಿ ಅರ್ಧ ಆಕಾಶ ಮುಚ್ಚಿರುವುದರಿಂದ ಇನ್ನೂ ಹೆಚ್ಚು. ಹಾಗಾಗಿ ಟೇಪಿನಲ್ಲೇ ಅಳೆಯುವುದು, ಒಳನಾಡಿನ ಕಡೆಯ ಮೂಲೆಯಿಂದ. ಗುರುತಿಗೆ ಬೇಲಿಕಂಬ ಬೇಡ. ದಿಬ್ಬ ಸರಿದಂತೆ ರೈತರು ಬೇಲಿಯನ್ನೂ ಸರಿಸುತ್ತಾರೆ. ರಸ್ತೆಯ ತಿರುವು, ಮನೆಯ ಮೂಲೆ ಆಗಬಹುದು. ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅಂಚು ಬಿರುಕಿನಿಂದಲೇ ಶುರು ಎಂದು ಲೆಕ್ಕ, ಅದನ್ನು ದಾಟುವಂತಿಲ್ಲ.

ಗೋಡೆಯ ದಪ್ಪ 30ರಿಂದ 38 ಸೆಂ.ಮೀ. ಇದ್ದರೆ ಗುಂಡು ತಡೆಯಲು ಕಟ್ಟಿದ್ದು, ಸುಮಾರು 107 ಸೆಂ.ಮೀ. ಇದ್ದರೆ ಶೆಲ್ ತಡೆಯಲು. ಈ ಸೀಮೆಯಲ್ಲಿ ಉದ್ದಕ್ಕೆ ಎಳೆದ ಷಡ್ಭುಜದ ಆಕಾರ ಹೆಚ್ಚು.

ಮಧ್ಯಾಹ್ನ ಕೆಳಗೆ, ಬಿದ್ದವುಗಳ ಸರದಿ. ಪಿಲ್‌ಬಾಕ್ಸ್ ಒಂದೇ ಎರಕವಾದ್ದರಿಂದ ಇಡಿಯಾಗಿ ಉರುಳಿ ಬೋರಲು ಬೀಳುವುದುಂಟು. ಮೇಲ್ಭಾಗ ಯಾವುದು? ಚಾವಣಿಯ ಒಳಮೈಯಲ್ಲಿ ಸೆಂಟ್ರಿಂಗ್ ಹಲಗೆಯ ಅಥವಾ ತಗಡಿನ ಅಚ್ಚು ಇರುತ್ತದೆ. ನೆಲದ ಅಡಿಮೈ ಮಣ್ಣಿನ ಮೇಲೆ ಸುರಿದದ್ದು, ಒರಟು. ಜಲ್ಲಿಯ ಬದಲು ಕಡಲ ಉರುಟುಗಲ್ಲು ಕಂಡರೆ ಬರೆದುಕೊಳ್ಳಬೇಕು. ಉಪ್ಪು ಒಳಗೇ ಇದ್ದರೆ ಕಂಬಿ ಬೇಗ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ಮೊದಲಿದ್ದ ಜಾಗಕ್ಕೆ 1940ರ ದಶಕದ ವಾಯುಪಡೆಯ ಆಕಾಶಚಿತ್ರಗಳೇ ಗತಿ.

ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮಾಡುವ ಮೂರು ಆಯಾಮದ ಮಾದರಿಗೆ ಮೂರು ಎತ್ತರದಲ್ಲಿ ಸುತ್ತು ಹಾಕಿ 200–300 ಚಿತ್ರ, ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದುವಂತೆ. ಮೋಡ ಕವಿದಿದ್ದರೆ ಒಳ್ಳೆಯದು. ಒದ್ದೆ ಕಾಂಕ್ರೀಟ್ ಹೊಳೆದು ಮಾದರಿ ಹರಿದುಹೋಗುತ್ತದೆ. ನಡುವೆ ನೀರು ಏರಿದರೂ ಅಷ್ಟೇ. ಅರ್ಧ ಗಂಟೆಯಲ್ಲಿ ಮುಗಿಸಬೇಕು. ಒಳಗೂ ಹೊರಗೂ ಸೇರಿಕೊಳ್ಳಲು ಬಾಗಿಲಿನಲ್ಲಿ ಒಂದೊಂದೇ ಹೆಜ್ಜೆಗೆ ಚಿತ್ರ ಬೇಕು, ಹೆಚ್ಚಿನ ಮಾದರಿಗಳು ಮುರಿಯುವುದು ಅಲ್ಲೇ. ಅಳತೆಪಟ್ಟಿ ಎರಡು ಇಡಬೇಕು; ಒಂದನ್ನು ಅಲೆ ಒಯ್ದರೂ ಇನ್ನೊಂದು ಉಳಿಯಲಿ.

ಉತ್ತರಕ್ಕೆ ಕೌಡನ್‌ನಲ್ಲಿ ಹಿಂದೆ ವಾಯುಪಡೆಯ ಬಾಂಬ್ ಅಭ್ಯಾಸದ ಬಯಲಿತ್ತು. ದಿಬ್ಬ ಕುಸಿದಂತೆ ಸಿಡಿಯದೆ ಉಳಿದವು ಕೆಳಗೆ ಬೀಳುತ್ತವೆ. ತುಕ್ಕು ಹಿಡಿದ ಕೊಳವೆಯಂಥದ್ದು ಕಂಡರೆ ಮುಟ್ಟದೆ ದೂರ ಸರಿದು 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳುವುದು.

ಸಂಜೆ ಕಡತಗಳ ಹೆಸರು: ಬ್ರಿಟಿಷ್ ನಕ್ಷೆಯಲ್ಲಿ ಈ ಸೀಮೆಯ ಚೌಕದ ಅಕ್ಷರ ‘ಟಿಎ’, ಚೌಕದೊಳಗಿನ ಜಾಗದ ಅಂಕಿ, ದಿನಾಂಕ. ಮೊದಲ ಚಳಿಗಾಲದ ಬಿರುಗಾಳಿ ಕಳೆದ ಮೇಲೆ ಅದೇ ರಸ್ತೆ ತಿರುವಿನಿಂದ ಅದೇ ಲೆನ್ಸಿನಲ್ಲಿ ಮತ್ತೊಂದು ಚಿತ್ರ.