ಮಾಂದಲ್‌ಪಟ್ಟಿಯ ಕೆಂಪು ದಾರಿ

ಕೊಡಗಿನ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗಿ ಬಂದವರೆಲ್ಲ ತುದಿಯಿಂದ ಕಂಡ ಮೋಡಗಳ ಕಥೆ ಹೇಳುತ್ತಾರೆ. ನಾವು ಹೋದ ದಿನ ತುದಿಯಲ್ಲಿ ಏನೂ ಕಾಣಲಿಲ್ಲ. ಹಾಗಾಗಿ ನನ್ನ ಬಳಿ ಉಳಿದಿರುವುದು ದಾರಿಯ ಕಥೆ, ಆ ದಾರಿ ಹತ್ತಿದ ಜೀಪಿನ ಕಥೆ, ಜೀಪಿನ ಚಕ್ರದಡಿಯ ಮಣ್ಣಿನ ಕಥೆ. ಮೋಡವನ್ನು ಮಡಿಕೇರಿಯ ರಾಜಾಸೀಟಿನಲ್ಲಿ ಆರಾಮಾಗಿ ಕೂತು ನೋಡಬಹುದು. ಈ ಮಣ್ಣನ್ನು ಇಷ್ಟು ಹತ್ತಿರದಿಂದ ನೋಡಬೇಕಾದರೆ ಸೊಂಟ ಗಟ್ಟಿಯಿರಬೇಕು.

ತುಲಾ ಸಂಕ್ರಮಣ ಕಳೆದು ಒಂದು ವಾರವಾಗಿತ್ತು. ತಲಕಾವೇರಿಗೆ ಬಂದಿದ್ದ ಜನ ಚದುರಿದ್ದರು, ಮಳೆ ಮಾತ್ರ ಚದುರಿರಲಿಲ್ಲ. ಇಡೀ ಜೀಪನ್ನು ಬಾಡಿಗೆಗೆ ಹಿಡಿಯುವ ಬದಲು ಸೀಟಿನ ಲೆಕ್ಕದಲ್ಲಿ ಹೋಗುವ ತಂಡಕ್ಕೆ ಸೇರಿಕೊಂಡೆ. ಮೈಸೂರಿನ ನಿವೃತ್ತ ದಂಪತಿ, ಹುಬ್ಬಳ್ಳಿಯಿಂದ ಬಂದಿದ್ದ ಇಬ್ಬರು ಬ್ಯಾಂಕ್ ನೌಕರರು ಮತ್ತು ನಾನು. ಬೆನ್ನುನೋವಿನ ಕಾರಣ ಹೇಳಿ ಮೈಸೂರಿನ ಯಜಮಾನರು ಮುಂದಿನ ಸೀಟು ಹಿಡಿದರು. ಉಳಿದವರು ಹಿಂದೆ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಅಪರಿಚಿತರ ನಡುವಿನ ಸಂಕೋಚ ಕಳೆಯಲು ಇದಕ್ಕಿಂತ ಚುರುಕಾದ ವ್ಯವಸ್ಥೆ ಇರಲಾರದು. ಮೊದಲ ಗುಂಡಿಯಲ್ಲೇ ಹುಬ್ಬಳ್ಳಿಯ ಹುಡುಗನ ತಲೆ ನನ್ನ ಭುಜಕ್ಕೆ ಬಡಿಯಿತು. ಅಲ್ಲಿಂದ ಮುಂದೆ ನಾವು ನೆಂಟರೇ.

ಮಡಿಕೇರಿಯಿಂದ ಮಾಂದಲ್‌ಪಟ್ಟಿ ಮೂವತ್ತು ಕಿಲೋಮೀಟರಿನೊಳಗೆ. ಅಬ್ಬಿ ಜಲಪಾತದ ಕಡೆಯಿಂದಲೂ ಹೋಗಬಹುದು, ಮಕ್ಕಂದೂರಿನ ಕಡೆಯಿಂದಲೂ ಹೋಗಬಹುದು. ನಮ್ಮ ಚಾಲಕ ಮಕ್ಕಂದೂರಿನ ದಾರಿ ಹಿಡಿದರು. ಅವರ ಮನೆ ಅದೇ ಸೀಮೆಯದು. ಫೋನಿನಲ್ಲಿ ಮನೆಯವರೊಡನೆ ಅರೆಭಾಷೆ, ಎದುರಿಗೆ ಬಂದ ಜೀಪಿನವರೊಡನೆ ಕೊಡವ ತಕ್ಕ್, ನಮ್ಮೊಡನೆ ಕನ್ನಡ. ಗೇರ್ ಬದಲಿಸಿದಷ್ಟೇ ಸಲೀಸಾಗಿ ಭಾಷೆ ಬದಲಿಸುತ್ತಿದ್ದರು. ಡಾಂಬರು ಇರುವವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎರಡೂ ಕಡೆ ಕಾಫಿ, ಅದರ ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸು.

ಒಂದು ತಿರುವಿನಲ್ಲಿ ರಸ್ತೆಗಾಗಿ ಕಡಿದ ಗುಡ್ಡದ ಗೋಡೆ ಎದುರಾಯಿತು. ಮೇಲೆ ಒಂದು ಮೊಳ ಕಪ್ಪು, ಕೆಳಗೆ ಎರಡಾಳೆತ್ತರ ಅಪ್ಪಟ ಕೆಂಪು, ಅದರ ಕೆಳಗೆ ಹಳದಿ, ತಳದಲ್ಲಿ ಬಿಳಿಗೆ ತುಸು ನೇರಳೆ ಬೆರೆಸಿದಂಥ ಜೇಡಿ. ಮೈಸೂರಿನ ಅಮ್ಮ ಜೀಪು ನಿಲ್ಲಿಸಲು ಹೇಳಿದರು. "ಥೇಟ್ ಮಾರಿಷಸ್" ಎಂದರು. ಹಿಂದಿನ ವರ್ಷ ಅವರು ಅಲ್ಲಿಗೆ ಹೋಗಿದ್ದರಂತೆ. ಅಲ್ಲಿಯೂ ಹೀಗೆಯೇ ಆರೇಳು ಜನರನ್ನು ಜೀಪಿಗೆ ತುಂಬಿ ಕಬ್ಬಿನ ಗದ್ದೆಗಳ ನಡುವೆ, ಕಾಡಿನ ಕಚ್ಚಾ ದಾರಿಗಳಲ್ಲಿ ದಿನವಿಡೀ ಸುತ್ತಿಸಿದರಂತೆ. ಗದ್ದೆಗಳಲ್ಲಿ ರಾಶಿ ಹಾಕಿದ ಕರಿಗಲ್ಲು, ಕ್ಯೂರ್‌ಪೀಪ್ ಊರಿನ ನಡುವೆಯೇ ಇರುವ ಜ್ವಾಲಾಮುಖಿಯ ಬಾಯಿ, ಶಿವರಾತ್ರಿಗೆ ಅಲ್ಲಿನ ಭಾರತೀಯ ಮೂಲದವರು ಕಾವಡಿ ಹೊತ್ತು ನಡೆದು ಬರುವ ಗಂಗಾ ತಲಾವ್ ಎಂಬ ಕುಳಿಯ ಕೆರೆ, ಆಮೇಲೆ ಚಮರೆಲ್‌ನ ಏಳು ಬಣ್ಣದ ಮಣ್ಣು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಕೇಳಿದರು: "ಹಾಗಾದರೆ ಇದೂ ಜ್ವಾಲಾಮುಖಿಯ ಮಣ್ಣೇ?"

ಚಾಲಕ ನಕ್ಕರು. "2018ರಲ್ಲಿ ನಮ್ಮವರೂ ಕೆಲವರು ಹಾಗೆಯೇ ಹೆದರಿದ್ದರು. ನೆಲದೊಳಗಿಂದ ಸದ್ದು ಬರುತ್ತಿತ್ತು."

ಪ್ರಶ್ನೆ ಚೆನ್ನಾಗಿತ್ತು, ಉತ್ತರ ಇನ್ನೂ ಚೆನ್ನಾಗಿದೆ. ಕೊಡಗಿನ ಬೆಟ್ಟಗಳು ಜ್ವಾಲಾಮುಖಿಗಳಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ಕರಿಗಲ್ಲು ನೋಡಬೇಕೆಂದರೆ ಕರ್ನಾಟಕದಲ್ಲಿ ಬೆಳಗಾವಿ, ಬೀದರ್, ಕಲಬುರಗಿ ಕಡೆಗೆ ಹೋಗಬೇಕು. ಅದು ದಖ್ಖನ್ನಿನ ಲಾವಾ, ಸುಮಾರು 6.6 ಕೋಟಿ ವರ್ಷ ಹಳೆಯದು. ಜ್ವಾಲಾಮುಖಿ ಶಿಲೆಯ ದ್ವೀಪವೇ ಬೇಕೆಂದರೂ ಮಾರಿಷಸ್‌ವರೆಗೆ ಹೋಗಬೇಕಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಹೆಚ್ಚುಕಡಿಮೆ 8.8 ಕೋಟಿ ವರ್ಷ ಹಿಂದಿನ ಲಾವಾ. ಕೊಡಗಿನ ಅಡಿಗಲ್ಲಾದರೋ ನೈಸ್ ಮತ್ತು ಚಾರ್ನೊಕೈಟ್, ನೆಲದಾಳದ ಶಾಖ ಮತ್ತು ಒತ್ತಡದಲ್ಲಿ ರೂಪ ಬದಲಿಸಿಕೊಂಡ ಕಲ್ಲುಗಳು. ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಮಾರಿಷಸ್ ಸಮುದ್ರದಿಂದ ತಲೆಯೆತ್ತಿ 80 ಲಕ್ಷ ವರ್ಷವಾಗಿರಬಹುದು. ನಮ್ಮ ಬೆಟ್ಟದ ಕಲ್ಲಿನ ಎದುರು ಅದು ಇನ್ನೂ ಕಣ್ಣು ಬಿಡದ ಕೂಸು.

ಆದರೂ ಆ ಅಮ್ಮನ ಕಣ್ಣು ಮೋಸ ಹೋಗಿರಲಿಲ್ಲ. ಕಲ್ಲು ಬೇರೆಯಾದರೂ ಬಣ್ಣ ಬರುವ ಬಗೆ ಒಂದೇ. ಬಿಸಿಲು ಮತ್ತು ಮಳೆ ಸೇರಿ ಲಕ್ಷಾಂತರ ವರ್ಷ ಕಲ್ಲನ್ನು ಕೊಳೆಸಿದರೆ ಕರಗುವುದೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ಚಮರೆಲ್‌ನಲ್ಲಿ ಆಗಿದ್ದೂ ಅದೇ, ಮಕ್ಕಂದೂರಿನಲ್ಲಿ ಆಗಿದ್ದೂ ಅದೇ. ತಳದ ಆ ಬಿಳಿ ನೇರಳೆ ಜೇಡಿಯನ್ನು ಘಟ್ಟದ ಎರಡೂ ಕಡೆ ಶೇಡಿಮಣ್ಣು ಎನ್ನುತ್ತಾರೆ. ಒಣಗಿದಾಗ ಗಟ್ಟಿ, ನೆನೆದಾಗ ಸಾಬೂನು.

ಆ ಸಾಬೂನಿನ ಕಥೆಯನ್ನು ಇಲ್ಲಿ ಯಾರೂ ವಿವರಿಸಬೇಕಾಗಿಲ್ಲ. 2018ರ ಜುಲೈಯಲ್ಲಿ ಮಡಿಕೇರಿಯ ಸುತ್ತ ಲಘುವಾಗಿ ನೆಲ ಕಂಪಿಸಿತ್ತು. ಆಗಸ್ಟ್ ನಡುವಿನ ಹೊತ್ತಿಗೆ ವಾರಗಟ್ಟಲೆ ಸುರಿದ ಮಳೆಯನ್ನು ಕುಡಿದ ಗುಡ್ಡಗಳು ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿಗಳಲ್ಲಿ ಸಾಲಾಗಿ ಜಾರಿದವು. ಕಾಫಿ ತೋಟ ಮರಗಳ ಸಮೇತ ನಿಂತಂತೆಯೇ ಕೆಳಗಿಳಿದು ಗದ್ದೆಯಲ್ಲಿ ಕೂತಿತು. ರಸ್ತೆಗೆ, ಮನೆಗೆ, ನಿವೇಶನಕ್ಕೆ ಎಂದು ಗುಡ್ಡದ ಬುಡ ಕಡಿದದ್ದೂ, ನೀರು ಹರಿಯುವ ಜಾಡು ಮುಚ್ಚಿದ್ದೂ ಸೇರಿಕೊಂಡಿತ್ತು ಎಂದು ಭೂವಿಜ್ಞಾನಿಗಳು ಬೊಟ್ಟು ಮಾಡಿದರು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಮನೆಗಳಾದವು. ಚಾಲಕ ಕೈ ಎತ್ತದೆ, ಗದ್ದದಿಂದಲೇ ಕಣಿವೆಯಾಚೆಯ ಒಂದು ಇಳಿಜಾರನ್ನು ತೋರಿಸಿದರು. ಈಗ ಪೂರ್ತಿ ಹಸಿರು. ಸುತ್ತಲಿನ ಕಾಡಿಗಿಂತ ತುಸು ತಿಳಿಯಾದ, ಒಂದೇ ವಯಸ್ಸಿನ ಹಸಿರು. ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ. "ಅಲ್ಲಿ ನಮ್ಮ ಚಿಕ್ಕಪ್ಪನ ಏಲಕ್ಕಿ ಇತ್ತು" ಎಂದಷ್ಟೇ ಹೇಳಿ ಗೇರ್ ಹಾಕಿದರು.

ಡಾಂಬರು ಮುಗಿದಲ್ಲಿ ಜೀಪು ನಿಂತಿತು. ಚಾಲಕ ಇಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವಿನ ಗುಬಟನ್ನೂ ಕೈಯಿಂದ ತಿರುಗಿಸಿದರು. ಹಳೆಯ ಜೀಪುಗಳಲ್ಲಿ ಹೀಗೆ ತಿರುಗಿಸಿದ ಮೇಲೆಯೇ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಎಳೆತ ಸಿಗುವುದು. ಒಳಗೆ ಬಂದು ಚಿಕ್ಕ ಸನ್ನೆಯನ್ನು ಜಗ್ಗಿ ಲೋ ಗೇರಿಗೆ ಹಾಕಿದರು. ಅಲ್ಲಿಂದ ಮುಂದೆ ನಡೆಯುವ ಮನುಷ್ಯನ ವೇಗ.

ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಸ್ಟೀರಿಂಗಿನ ಸುತ್ತ ನಾಲ್ಕು ಬೆರಳು ಮಡಚಿದ್ದರೂ ಹೆಬ್ಬೆರಳು ಒಳಗೆ ಹೋಗುತ್ತಿರಲಿಲ್ಲ, ಚಕ್ರದ ಅಂಚಿನ ಮೇಲೆಯೇ ಮಲಗಿರುತ್ತಿತ್ತು. ಚಕ್ರ ಕಲ್ಲಿಗೆ ಒದ್ದಾಗ ಸ್ಟೀರಿಂಗ್ ತಟ್ಟನೆ ತಿರುಗುತ್ತದೆ, ಒಳಗೆ ಹೆಬ್ಬೆರಳಿದ್ದರೆ ಕೀಲು ಹೋಗುತ್ತದೆ. ಒಬ್ಬ ಹಿರಿಯ ಚಾಲಕರು ಬೈದು ಬೈದು ಕಲಿಸಿದ್ದಂತೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುವುದೂ ಕಡಿಮೆ. ಎಂಜಿನ್ನೇ ಜೀಪನ್ನು ಹಿಡಿದು ನಿಲ್ಲಿಸುತ್ತದೆ. ಕೆಸರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಟ್ಟಿ ಜೀಪು ಜಾರುಬಂಡಿಯಾಗುತ್ತದೆ. ಹುಬ್ಬಳ್ಳಿಯ ಹುಡುಗರು "ಇನ್ನೂ ಜೋರಾಗಿ ಹೋಗಿ ಸಾರ್" ಎಂದು ಹುರಿದುಂಬಿಸುತ್ತಲೇ ಇದ್ದರು. ಚಾಲಕರಿಗೆ ಅದು ಕೇಳಿಸುತ್ತಿರಲಿಲ್ಲ, ಅಥವಾ ಆ ಕಿವುಡು ಕಸುಬಿನ ಭಾಗವಿರಬೇಕು. ಮಾಂದಲ್‌ಪಟ್ಟಿಯ ಜೀಪಿನವರು ಅಡ್ಡಾದಿಡ್ಡಿ ಓಡಿಸುತ್ತಾರೆಂಬ ದೂರು ಎಲ್ಲೆಡೆ ಕೇಳಿದ್ದೇನೆ. ಹಾಗೆ ಓಡಿಸುವವರೂ ಇದ್ದಾರೆ, ಎದುರಿನಿಂದ ಬಂದ ಒಂದು ಜೀಪು ನಮ್ಮ ಮೈಮೇಲೆ ಕೆಸರು ಎರಚಿಕೊಂಡೇ ಹೋಯಿತು. ಅದರಲ್ಲಿ ಕೂತವರೆಲ್ಲ ಸಂತೋಷದಿಂದ ಕಿರುಚುತ್ತಿದ್ದರು. ದೂರನ್ನು ಅರ್ಧ ಅವರ ಹೆಸರಿಗೂ ಬರೆಯಬೇಕು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಮಣಿಕಟ್ಟಿನೆತ್ತರದ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗುಂಪುಗಟ್ಟಿದ ಶೋಲಾ ಕಾಡು. 2021ರಲ್ಲಿ ಇಲ್ಲಿ ಮತ್ತು ಕೋಟೆಬೆಟ್ಟದಲ್ಲಿ ಹಲವು ವರ್ಷಕ್ಕೊಮ್ಮೆ ಹೂ ಬಿಡುವ ಕುರಿಂಜಿ ಅರಳಿದಾಗ ಜನ ಹರಿದು ಬಂದಿದ್ದರು. ಅದಕ್ಕೂ ಮೊದಲೇ ಸಿನಿಮಾವೊಂದು ಈ ಬೆಟ್ಟಕ್ಕೆ ಮುಗಿಲುಪೇಟೆ ಎಂಬ ಹೆಸರು ಅಂಟಿಸಿತ್ತು. ಬಂದವರ ಗುರುತು ಹುಲ್ಲಿನ ಮೇಲೆಯೇ ಇದೆ. ಒಂದು ಜಾಡು ಆಳವಾಗಿ ಜೀಪಿನ ಹೊಟ್ಟೆ ತಾಗತೊಡಗಿದರೆ ಚಾಲಕರು ಪಕ್ಕದ ಹುಲ್ಲಿನ ಮೇಲೆ ಹತ್ತಿಸುತ್ತಾರೆ. ಅದೂ ಆಳವಾದಾಗ ಇನ್ನೊಂದು. ಒಂದು ತಿರುವಿನಲ್ಲಿ ನಾಲ್ಕು ಜಾಡುಗಳು ಅಕ್ಕಪಕ್ಕ ಬಿದ್ದಿದ್ದವು. ಎಲ್ಲಕ್ಕಿಂತ ಹಳೆಯದು ಈಗ ದಾರಿಯಲ್ಲ, ನನ್ನ ಎದೆಯಷ್ಟು ಆಳದ ಕೊರಕಲು. ಮಳೆನೀರು ಅದನ್ನೇ ಕಾಲುವೆ ಮಾಡಿಕೊಂಡಿದೆ. ತಳದಲ್ಲಿ ಕೆಂಪು ಕಳೆದು ಹಳದಿ ಕಾಣಿಸುತ್ತಿತ್ತು.

ಮೈಸೂರಿನ ಅಮ್ಮ ಇಣುಕಿ ನೋಡಿದರು. "ಚಮರೆಲ್‌ನಲ್ಲಿ ಮಣ್ಣಿನ ಸುತ್ತ ಬೇಲಿ ಹಾಕಿದ್ದಾರೆ. ಕಟಾಂಜನದಾಚೆ ನಿಂತು ನೋಡಬೇಕು, ಕಾಲಿಡುವಂತಿಲ್ಲ" ಎಂದರು. ಹಾಗೆ ಹೇಳುವಾಗ ನಮ್ಮ ಜೀಪು ಐದನೆಯ ಜಾಡು ಮೂಡಿಸುತ್ತಿತ್ತು. ದುಡ್ಡು ಕೊಟ್ಟು ಕೂತವರಲ್ಲಿ ನಾನೂ ಒಬ್ಬ.

ಕಾಂಕ್ರೀಟ್ ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. "ಎಲ್ಲರ ಕಾರೂ ಬರುತ್ತದೆ, ನಾವು ಮನೆಗೆ ಹೋಗುತ್ತೇವೆ" ಎಂದರು ಚಾಲಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದಿನಕ್ಕೆ ಇಷ್ಟೇ ಜೀಪು, ಒಂದೇ ಜಾಡು ಎಂದು ಕಟ್ಟುನಿಟ್ಟು ಮಾಡಿ, ಕೆಟ್ಟ ಕಡೆ ಮಾತ್ರ ಕಲ್ಲು ಹಾಸಿದರೆ ಸಾಕು ಎಂದರು. ನನಗೂ ಅದೇ ಸರಿಯೆನಿಸಿತು. ಕಾಂಕ್ರೀಟ್ ಬಂದ ಬೆಟ್ಟದ ತುದಿಗೆ ಮುಂದಿನ ವರ್ಷ ವಾಹನ ನಿಲುಗಡೆಯೂ, ಅದರ ಮರುವರ್ಷ ಜೋಳದ ಗಾಡಿಗಳೂ ಬರುವುದನ್ನು ಎಷ್ಟು ಕಡೆ ನೋಡಿಲ್ಲ!

ಅರಣ್ಯ ಇಲಾಖೆಯ ಗೇಟಿನಲ್ಲಿ ಶುಲ್ಕ ಕಟ್ಟಿ ತುದಿಗೆ ನಡೆದೆವು. ಪುಷ್ಪಗಿರಿ ವನ್ಯಧಾಮದ ಸೆರಗಿದು. ಬಾನು ತಿಳಿಯಾಗಿದ್ದರೆ 1,712 ಮೀಟರ್ ಎತ್ತರದ ಪುಷ್ಪಗಿರಿಯೇ ಎದುರಿಗೆ ಕಾಣಬೇಕಿತ್ತು. ನಮಗೆ ಕಂಡದ್ದು ನಮ್ಮದೇ ಚಪ್ಪಲಿ. ಗಾಳಿ ಪಶ್ಚಿಮದಿಂದ ನೀರಿನ ಹನಿಗಳನ್ನು ಅಡ್ಡಡ್ಡ ಹೊತ್ತು ತರುತ್ತಿತ್ತು. ಈ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಗೆ ಸೇರಿ, ನೇತ್ರಾವತಿಯಾಗಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಕಾಣುತ್ತದೆ. ಪೂರ್ವಕ್ಕೆ ಬಿದ್ದದ್ದು ಹಾರಂಗಿ, ಅಲ್ಲಿಂದ ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ನನ್ನ ಕನ್ನಡಕದ ಮೇಲೆ ಬಿದ್ದ ಹನಿಗಳು ಅಂಗಿಯ ತುದಿಗೆ ಸೇರಿದವು. ಹುಬ್ಬಳ್ಳಿಯವರು ಬಿಳಿಯ ಹಿನ್ನೆಲೆಯಲ್ಲಿ ಫೋಟೊ ತೆಗೆಸಿಕೊಂಡರು. ಪಾಸ್‌ಪೋರ್ಟಿಗೂ ಆಗುತ್ತದೆ ಎಂದು ಮೈಸೂರಿನ ಯಜಮಾನರು ಅಂದಿನ ಮೊದಲ ಮಾತಾಡಿದರು. ಅಷ್ಟರಲ್ಲಿ ಇಂಬಳವೊಂದು ಅವರ ಕಾಲುಚೀಲದೊಳಗೆ ಊಟ ಮುಗಿಸಿತ್ತು.

ನಮ್ಮ ಊಟ ಕೆಳಗೆ, ತೋಟದ ನಡುವಿನ ಒಂದು ಮನೆಯಲ್ಲಿ. ಅಕ್ಕಿತರಿಯ ಉಂಡೆ ಕಡಂಬುಟ್ಟು ಮತ್ತು ಹಂದಿಮಾಂಸದ ಪಂದಿ ಕರಿ. ಮಾಂಸ ತಿನ್ನದವರಿಗೆ ಅಕ್ಕಿ ಒಟ್ಟಿ ಎಂಬ ರೊಟ್ಟಿ, ಕುಂಬಳಕಾಯಿ ಪಲ್ಯ. ಪಂದಿ ಕರಿಯ ಕಪ್ಪು ಬಣ್ಣಕ್ಕೂ ಹುಳಿಗೂ ಕಾರಣವಾದ ಕಾಚಂಪುಳಿಯನ್ನು ಮನೆಯೊಡತಿ ಸೀಸೆಯಲ್ಲಿ ತಂದು ತೋರಿಸಿದರು. ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಇಳಿಸಿದ ಕರಿ ದ್ರವ, ಒಂದು ಚಮಚ ಇಡೀ ಪಾತ್ರೆಗೆ ಸಾಕು. ಹುಬ್ಬಳ್ಳಿಯ ಒಬ್ಬ ಬೆರಳಿಗೆ ಹಚ್ಚಿ ನೆಕ್ಕಿ, ಹತ್ತು ನಿಮಿಷ ಮಾತಾಡಲಿಲ್ಲ.

ಸಂಜೆ ಅಬ್ಬಿ ಜಲಪಾತವನ್ನೂ ಮುಟ್ಟಿಸಿಕೊಂಡು ಬಂದೆವು. ಜನ ಹೆಚ್ಚು, ನೀರು ಚೆನ್ನಾಗಿತ್ತು.

ಮಡಿಕೇರಿಗೆ ಮರಳಿದಾಗ ಚಾಲಕ ಮೊದಲು ಜೀಪಿನ ಕೆಳಗೆ ತೂರಿ ನೋಡಿದರು. ಹಿಂದಿನ ಸ್ಪ್ರಿಂಗಿನ ಒಂದು ಪಟ್ಟಿ ಸೀಳಿತ್ತು. ಬೆಳಗಿನ ಜಾವ ಐದಕ್ಕೆ ಸೂರ್ಯೋದಯದ ತಂಡ ಬರುವುದರೊಳಗೆ ಬದಲಿಸಬೇಕು, ಗ್ಯಾರೇಜಿನವನು ರಾತ್ರಿ ಒಂಬತ್ತಕ್ಕೆ ಬಾ ಎಂದಿದ್ದಾನೆ ಎಂದರು. ಹುಬ್ಬಳ್ಳಿಯವರಿಗೆ ಬೇರೆಯೇ ಲೆಕ್ಕ. ತುದಿಯಲ್ಲಿ ಏನೂ ಕಾಣದಿದ್ದುದರಿಂದ ಅರ್ಧ ದುಡ್ಡು ವಾಪಸು ಕೇಳಿದರು. ಚಾಲಕ ಒಪ್ಪಲಿಲ್ಲ, ಅವರು ಬಿಡಲಿಲ್ಲ. ಮೈಸೂರಿನ ಅಮ್ಮ ನಡುವೆ ಬಂದು, ಮಾರಿಷಸ್‌ನಲ್ಲಿ ದಿನವಿಡೀ ಮಳೆ ಬಂದರೂ ನಯಾಪೈಸೆ ಹಿಂದಿರುಗಿಸಲಿಲ್ಲ ಎಂದು ಸಾಕ್ಷಿ ನುಡಿದರು. ಕೊನೆಗೆ ಮರುದಿನದ ಐದು ಗಂಟೆಯ ಜೀಪಿನಲ್ಲಿ ಇಬ್ಬರಿಗೂ ರಿಯಾಯಿತಿಯಲ್ಲಿ ಸೀಟು ಎಂದು ತೀರ್ಮಾನವಾಯಿತು. ಒಬ್ಬ ಆಗಲೇ ಮುಂದಿನ ಸೀಟಿಗೆ ಹೆಸರು ಬರೆಸುತ್ತಿದ್ದ.