ಹಗ್ಗ ಜಗ್ಗಿಸಿದ್ದು ನಾವೇ

ಟೈಮ್ ಆಫೀಸ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಆ ಫೋಟೊ ಇನ್ನೂ ಇದೆ. ಒಂದು ಕಡೆ ರೈತರಿಂದ ಕಬ್ಬು ತರಿಸುವ ಕೇನ್ ವಿಭಾಗ, ಇನ್ನೊಂದು ಕಡೆ ಎಂಜಿನಿಯರಿಂಗ್, ನಡುವೆ ದಪ್ಪ ಹಗ್ಗ. ಮಂಡ್ಯ ಸೀಮೆಯ ನಮ್ಮ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಸೀಸನ್‌ಗೆ ಮುಂಚೆ, ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಂಡೆಯ ರೆಸಾರ್ಟಿನಲ್ಲಿ ಮಾಡಿದ ಟೀಂ ಬಿಲ್ಡಿಂಗ್ ಅದು. ಬೆಳಿಗ್ಗೆ ಟ್ರೈನರ್ ಪಿಪಿಟಿ, ಮಧ್ಯಾಹ್ನ ಮುದ್ದೆ, ನಾಟಿಕೋಳಿ ಸಾರು, ಆಮೇಲೆ ಹಗ್ಗಜಗ್ಗಾಟ. ಎಚ್‌ಆರ್ ಕಡೆಯಿಂದ ತಂಡಗಳ ಪಟ್ಟಿ ಮಾಡಿದವನು ನಾನು. ಹಾಜರಿ ಹಾಕೋಕೆ ಸುಲಭ ಅಂತ ವಿಭಾಗಕ್ಕೊಂದು ತಂಡ ಮಾಡಿಬಿಟ್ಟೆ.

ಎಂಜಿನಿಯರಿಂಗ್ ಗೆದ್ದಿತು. ಮಾರನೇ ದಿನದಿಂದ ಕ್ಯಾಂಟೀನಿನಲ್ಲಿ ಕೇನ್‌ನವರು ಕಂಡರೆ ಸಾಕು, "ಎಳೀರಣ್ಣ, ಎಳೀರಿ" ಅಂತ ರೇಗಿಸೋದು. ಅದನ್ನು ನಾನು ರಿಪೋರ್ಟಿನಲ್ಲಿ ‘ಬಾಂಧವ್ಯ ಹೆಚ್ಚಿದೆ’ ಅಂತ ಬರೆದೆ.

ಆರು ವಾರದ ನಂತರ, ಒಂದು ರಾತ್ರಿ 9.10ಕ್ಕೆ, ಕಬ್ಬನ್ನು ಮಿಲ್ಲಿಗೆ ಸಾಗಿಸುವ ಕೇನ್ ಕ್ಯಾರಿಯರ್‌ನ ಚೈನ್ ತುಂಡಾಯಿತು. ನೈಟ್ ಡ್ಯೂಟಿ ಆಫೀಸರ್ ಸರದಿ ನನ್ನದು. ಮಿಲ್ ಹೌಸಿನಿಂದ ಬಂದ ಸುದ್ದಿ: "ಒಂದು ಗಂಟೆ." 10.15ಕ್ಕೆ ಯಾರ್ಡ್ ಸೂಪರ್‌ವೈಸರ್ ಬಂದು, "ಕೇನ್ ಆಫೀಸರ್‌ಗೆ ಒಂದು ಫೋನ್ ಮಾಡ್ಲಾ ಸಾರ್?" ಅಂದ. ಮತ್ತೆ ಮಿಲ್ ಹೌಸಿಗೆ ಕೇಳಿದೆವು. "ಇನ್ನೊಂದು ಗಂಟೆ." ಅಷ್ಟಕ್ಕೆ ಯಾಕೆ ಅವರನ್ನು ಎಬ್ಬಿಸೋದು ಅಂತ ನಾನೇ ಬೇಡ ಅಂದೆ. 11.30ಕ್ಕೂ ಒಂದು ಗಂಟೆಯೇ. ಕ್ಯಾರಿಯರ್ ತುಂಬ ಕಬ್ಬು ಕೂತಿರುವಾಗ ಚೈನ್ ಜೋಡಿಸೋಕೆ ಆಗಲ್ಲ. ಮೊದಲು ಕಬ್ಬು ಎತ್ತಿ ಹೊರಗೆ ಹಾಕಬೇಕು, ಬಾಗಿದ ಸ್ಲ್ಯಾಟ್ ಬಿಚ್ಚಬೇಕು, ಆಮೇಲೆ ಪಿನ್. ಇದು ಫಿಟ್ಟರ್‌ಗಳಿಗೆಲ್ಲ ಗೊತ್ತಿತ್ತು. ಮಿಲ್ ತಿರುಗಿದ್ದು 3.20ಕ್ಕೆ. ಕೇನ್ ಆಫೀಸರ್‌ಗೆ ವಿಷಯ ಗೊತ್ತಾಗಿದ್ದು ಬೆಳಿಗ್ಗೆ ಐದೂವರೆಗೆ, ಅದೂ ರೈತರ ಫೋನಿನಿಂದ. "ಒಂದ್ ಮಾತ್ ಹೇಳ್ನಿಲ್ವಲ್ಲ ಸಾರ್" ಅಂದರು, ಅಷ್ಟೇ.

ಲೆಕ್ಕ ನೋಡಿ. ದಿನಕ್ಕೆ 3000 ಟನ್ ಅರೆಯುವ ಮಿಲ್ ಅಂದರೆ ಗಂಟೆಗೆ 125 ಟನ್. ಆರು ಗಂಟೆ ನಿಂತರೆ 750 ಟನ್. ಟ್ರ್ಯಾಕ್ಟರಿಗೆ ಹತ್ತು ಟನ್ನಿನಂತೆ 75 ಲೋಡು ಯಾರ್ಡಿನಲ್ಲಿ, ಜಾಗ ಸಾಲದೆ ರಸ್ತೆಯಲ್ಲಿ. ಅವುಗಳ ಹಿಂದೆ ಮಾರನೇ ದಿನದ ಪೂರ್ತಿ ಪರ್ಮಿಟ್ (ಕಬ್ಬು ಕಡಿದು ತರೋಕೆ ಕೊಡುವ ಚೀಟಿ) ಆಗಲೇ ಕಟಾವು ಗ್ಯಾಂಗುಗಳ ಕೈಯಲ್ಲಿ. ನಿಂತ ಕಬ್ಬು ಗದ್ದೆಯಲ್ಲಿ ಇನ್ನೆರಡು ದಿನ ಕಾಯುತ್ತೆ, ಕಡಿದದ್ದು ಕಾಯಲ್ಲ. ಬಿಸಿಲಿಗೆ ತೂಕ ಇಳಿಯುತ್ತೆ, ಒಳಗಿನ ಸುಕ್ರೋಸ್ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ. ಬ್ಯಾಕ್ಟೀರಿಯಾ ಸೇರಿ ಡೆಕ್ಸ್‌ಟ್ರಾನ್ ಅನ್ನೋ ಅಂಟು ಆದರೆ ರಸ ಲೋಳೆಯಾಗಿ, ಅದನ್ನು ಕುದಿಸುವ ಪ್ಯಾನ್ ಹೌಸಿನಲ್ಲಿ ಕುದಿಯೋದೇ ನಿಧಾನ. ಅಂದರೆ ರೈತರಿಗೆ ತೂಕದಲ್ಲಿ ಪೆಟ್ಟು, ನಮಗೆ ರಿಕವರಿಯಲ್ಲಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣದಲ್ಲಿ. ಗ್ಯಾಂಗುಗಳು ಗದ್ದೆಗೆ ಹೊರಡೋದು ಬೆಳಿಗ್ಗೆ ಐದಕ್ಕೆ. ನಾಲ್ಕೂವರೆ ಒಳಗೆ ಕೇನ್ ವಿಭಾಗದ ಫೀಲ್ಡ್‌ಮನ್ ಗ್ಯಾಂಗಿನ ಮೇಸ್ತ್ರಿಗೆ ಫೋನ್ ಮಾಡಿದ್ದರೆ ಮಾರನೇ ದಿನದ ಕಟಾವು ನಿಲ್ಲಿಸಬಹುದಿತ್ತು. ರಾತ್ರಿ ಹತ್ತು ಗಂಟೆಗೆ ಗೊತ್ತಿದ್ದರೆ ಧಾರಾಳ ಸಮಯ.

ವಿಭಾಗಗಳ ನಡುವೆ ಸ್ನೇಹ ಇಲ್ಲ, ಅದಕ್ಕೇ ಮಾತಿಲ್ಲ ಅಂತ ನಾವು ತಿಳಿದಿದ್ದೇ ತಪ್ಪು. ಅವರೆಲ್ಲ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿಯುವವರು, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವವರು. ಹೊಂದಾಣಿಕೆ ಇಲ್ಲದ್ದು ಗಡಿಯಾರಗಳಿಗೆ. ಕೇನ್ ವಿಭಾಗ ನಲವತ್ತೆಂಟು ಗಂಟೆ ಮುಂದೆ ನೋಡಿ ಪರ್ಮಿಟ್ ಕೊಡುತ್ತೆ. ಮಿಲ್ ಹೌಸ್ ನಿಮಿಷದ ಮೇಲೆ ಬದುಕುತ್ತೆ. ಲ್ಯಾಬಿಗೆ ಗಂಟೆಗೊಂದು ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಅಂಶದ ಅಳತೆ. ಅಕೌಂಟ್ಸಿಗೆ 1966ರ ಕಬ್ಬು ನಿಯಂತ್ರಣ ಆದೇಶದ ಹದಿನಾಲ್ಕು ದಿನ, ಅಷ್ಟರೊಳಗೆ ರೈತರ ಬಿಲ್ ಪಾವತಿಯಾಗಬೇಕು. ಒಬ್ಬರ ‘ಸ್ವಲ್ಪ ಹೊತ್ತು’ ಇನ್ನೊಬ್ಬರಿಗೆ ಒಂದು ದಿನ. ಹೊಳೆ ದಂಡೆಯಲ್ಲಿ ಹಗ್ಗ ಎಳೆದರೆ ಇದು ಹೇಗೆ ಸರಿಹೋದೀತು?

ಸರಿಹೋಗಲ್ಲ ಅನ್ನೋದು ಹಳೇ ವಿಷಯ. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ ಅನ್ನುವ ಮನಶ್ಶಾಸ್ತ್ರಜ್ಞ ಬೇಸಿಗೆ ಶಿಬಿರದ ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಆಡಿಸಿದ. ಹಗ್ಗಜಗ್ಗಾಟವೂ ಇತ್ತು. ಗುಂಪುಗಳು ಬಾವುಟ ಸುಡುವವರೆಗೆ ಹೋದವು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದರು. ನೀರಿನ ಸರಬರಾಜು ನಿಂತಾಗ, ಊಟ ತರುವ ಲಾರಿ ಕೆಟ್ಟಾಗ ಮಾತ್ರ ಎರಡೂ ಗುಂಪು ಸೇರಿ ದುಡಿದವು, ಸಿಟ್ಟು ಇಳಿಯಿತು. ಆ ಲಾರಿ ಎಳೆಯಲು ಬಳಸಿದ್ದು ಹಗ್ಗಜಗ್ಗಾಟದ ಅದೇ ಹಗ್ಗ. ನಮ್ಮ ಟ್ರೈನರ್ ಪಿಪಿಟಿಯಲ್ಲಿ ಇದಿರಲಿಲ್ಲ, ಟೀಂ ಕಟ್ಟುವ ನಾಲ್ಕು ಹಂತಗಳ ಬಾಣದ ಗುರುತಿನ ಚಿತ್ರ ಇತ್ತು.

ಈಗ ಮಾಡುತ್ತಿರುವುದರಲ್ಲಿ ಮೊದಲನೆಯದು ಟೇಬಲ್ ಆಟ. ಹಿಂದಿನ ಸೀಸನ್ನಿನ ಸ್ಟಾಪೇಜ್ ರಿಜಿಸ್ಟರಿನಿಂದ ನಲವತ್ತು ನಿಜವಾದ ಘಟನೆ ಆರಿಸಿ ಚೀಟಿ ಮಾಡಬೇಕು: ‘ಫೈಬರೈಜರ್ ಬೇರಿಂಗ್ ಬಿಸಿ’, ‘ರಾತ್ರಿಯಿಡೀ ಮಳೆ, ಗದ್ದೆಗೆ ಟ್ರ್ಯಾಕ್ಟರ್ ಇಳಿಯಲ್ಲ’, ‘ವೇಬ್ರಿಡ್ಜ್ ಪ್ರಿಂಟರ್ ಕೆಟ್ಟಿದೆ’. ಆರು ಜನರ ಟೇಬಲ್: ಕೇನ್ ಇಬ್ಬರು, ಎಂಜಿನಿಯರಿಂಗ್ ಇಬ್ಬರು, ಲ್ಯಾಬ್ ಒಬ್ಬರು, ವೇಬ್ರಿಡ್ಜ್ ಒಬ್ಬರು. ಮುಖ್ಯವಾದ ಬದಲಾವಣೆ ಏನೆಂದರೆ ಯಾರೂ ತಮ್ಮ ವಿಭಾಗದ ಪಾತ್ರ ಮಾಡಕೂಡದು. ಫಿಟ್ಟರ್ ಪರ್ಮಿಟ್ ಕೊಡಬೇಕು, ಫೀಲ್ಡ್‌ಮನ್ ಮಿಲ್ ನಿಲ್ಲಿಸಬೇಕು. ಹತ್ತು ನಿಮಿಷ ಅಂದರೆ ಆಟದಲ್ಲಿ ನಾಲ್ಕು ಗಂಟೆ, ಪ್ರತಿ ಸುತ್ತಿಗೆ ಎರಡು ಚೀಟಿ. ಸುತ್ತು ಮುಗಿದಾಗ ಯಾರ್ಡಿನಲ್ಲಿ ಎಷ್ಟು ಟನ್, ಕಡಿದು ಎಷ್ಟು ಗಂಟೆ ಆಯಿತು, ಬೋರ್ಡಿನಲ್ಲಿ ಬರೆಯಬೇಕು. ಒಂದೂವರೆ ಗಂಟೆ ಸಾಕು, ಎರಡು ದಾಟಿದರೆ ಮೊಬೈಲ್ ಹೊರಗೆ ಬರುತ್ತೆ.

ಎಡವಟ್ಟಾಗೋದು ಒಂದೇ ಕಡೆ: ಜಿಎಂ ಬಂದು ಕೂತರೆ. ಅವರು ಒಳ್ಳೆಯವರೇ ಇರಬಹುದು, ಆದರೆ ಟೇಬಲ್ ತಣ್ಣಗಾಗುತ್ತೆ, ಎಲ್ಲರೂ ಅವರ ಮುಖ ನೋಡಿ ಉತ್ತರ ಹೇಳುತ್ತಾರೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ಕರೆಯಿರಿ, ಬೋರ್ಡ್ ನೋಡಲಿ.

ಎರಡನೆಯದು ಕುರ್ಚಿ ಅದಲುಬದಲು. ವಾರಕ್ಕೆ ಇಬ್ಬರು, ನಾಲ್ಕು ಗಂಟೆ. ಪೂರ್ತಿ ಶಿಫ್ಟ್ ಬೇಡ, ಎರಡನೇ ಅರ್ಧದಲ್ಲಿ ಆಕಳಿಕೆ ಬಿಟ್ಟರೆ ಏನೂ ಇಲ್ಲ. ಮಿಲ್ ಎಂಜಿನಿಯರ್ ಬೆಳಿಗ್ಗೆ ನಾಲ್ಕರಿಂದ ಎಂಟು ಫೀಲ್ಡ್‌ಮನ್ ಜೊತೆ ಬೈಕಿನಲ್ಲಿ ಹೋಗಬೇಕು, ಪರ್ಮಿಟ್ ಹಂಚೋದು, ಮೇಸ್ತ್ರಿ ಜೊತೆ ಜಗಳ ಎರಡನ್ನೂ ನೋಡಬೇಕು. ಫೀಲ್ಡ್‌ಮನ್ ರಾತ್ರಿ ಎಂಟರ ಶಿಫ್ಟಿನಲ್ಲಿ, ಕಬ್ಬು ಇಳಿಸುವ ಫೀಡರ್ ಟೇಬಲ್ ಹತ್ತಿರ, ಗಾರ್ಡ್ ರೈಲಿನ ಹೊರಗೆ, ಹೆಲ್ಮೆಟ್, ಶೂ ಹಾಕಿ ನಿಲ್ಲಬೇಕು. ಕಬ್ಬಿನ ಜೊತೆ ಕಲ್ಲು, ಸೋಗೆ ಬಂದರೆ ಏನಾಗುತ್ತೆ ಅಂತ ಕಿವಿಗೆ ಕೇಳಿದ ಮೇಲೆ ಅವನು ಗದ್ದೆಯಲ್ಲಿ ಅದನ್ನು ಲೋಡಿಗೆ ಸೇರಿಸೋಕೆ ಬಿಡಲ್ಲ. ಹೋದವರು ವಾಪಸ್ ಬಂದು ಒಂದೇ ಸಾಲು ಬರೆಯಬೇಕು: ಅಲ್ಲಿಯವರಿಗೆ ನಮ್ಮಿಂದ ಯಾವ ಮಾಹಿತಿ, ಎಷ್ಟು ಗಂಟೆಯೊಳಗೆ ಬೇಕು. ಸೀಸನ್ ಶುರುವಿನ ಮೊದಲ ಎರಡು ವಾರ ಮತ್ತು ಕ್ಲೀನಿಂಗ್ ದಿನ ಈ ಅದಲುಬದಲು ಇಟ್ಟುಕೊಳ್ಳಬಾರದು. ಆಗ ಯಾರಿಗೂ ಅತಿಥಿಯನ್ನು ನೋಡಿಕೊಳ್ಳೋಕೆ ಪುರುಸೊತ್ತಿಲ್ಲ, ಅಪಾಯವೂ ಹೌದು.

ಹಾಗೆ ಬಂದ ಸಾಲುಗಳಿಂದಲೇ ಹುಟ್ಟಿದ್ದು ಎರಡು ಅಂಕಿಯ ನಿಯಮ. ಮಿಲ್ ನಿಂತರೆ ಹದಿನೈದು ನಿಮಿಷದೊಳಗೆ ಶಿಫ್ಟ್ ಎಂಜಿನಿಯರ್ ಎರಡು ಸಮಯ ಹೇಳಬೇಕು: ಎಲ್ಲ ಸರಿಯಾದರೆ ಇಷ್ಟು, ಕೈಕೊಟ್ಟರೆ ಇಷ್ಟು. ಕೇನ್ ಆಫೀಸ್ ಎರಡನೇ ಅಂಕಿಯ ಮೇಲೆ ಪರ್ಮಿಟ್ ತಡೆಹಿಡಿಯುತ್ತೆ. ಆ ರಾತ್ರಿ ಹೇಳಿದ್ದರೆ ‘ಒಂದು, ಆರು’ ಅಂತ ಇರುತ್ತಿತ್ತು.

ಮತ್ತೆ ಮಿಲ್ ಹೌಸಿನವರು ಒಂದೇ ಅಂಕಿ ಯಾಕೆ ಹೇಳುತ್ತಿದ್ದರು? ಎರಡು ಗಂಟೆ ದಾಟುವ ಬ್ರೇಕ್‌ಡೌನ್ ಅಂತ ಬಾಯಿಬಿಟ್ಟರೆ ಮೇಲಿನವರಿಗೆ ರಾತ್ರಿಯೇ ರಿಪೋರ್ಟ್ ಹೋಗಬೇಕು, ಬೆಳಿಗ್ಗೆ ಸಮಜಾಯಿಷಿ ಕೊಡಬೇಕು. ಸುಳ್ಳು ಹೇಳಿಸುತ್ತಿದ್ದದ್ದು ನಮ್ಮದೇ ಫಾರಂ. ಇನ್ನೊಂದು ಕಾರಣ ತಿಂಗಳ ರಿವ್ಯೂ. ಅಲ್ಲಿ ನಿಂತ ಗಂಟೆಗಳೆಲ್ಲ ‘ಮೆಕ್ಯಾನಿಕಲ್’ ಅಥವಾ ‘ನೋ ಕೇನ್’ ಕಾಲಂಗೆ ಹೋಗಬೇಕು, ಯಾವ ಕಾಲಂ ಉದ್ದವೋ ಆ ವಿಭಾಗಕ್ಕೆ ಮಂಗಳಾರತಿ. ಆ ರಾತ್ರಿಯ ಮೂರನೇ ದಿನ ಮಿಲ್ ಎರಡು ಗಂಟೆ ಕಬ್ಬಿಲ್ಲದೆ ನಿಂತಿತು, ಹೆದರಿದ ಕೇನ್ ವಿಭಾಗ ಪರ್ಮಿಟ್ ಕಡಿತ ಮಾಡಿತ್ತು. ಅದು ಯಾರ ಲೆಕ್ಕಕ್ಕೆ? ಅರ್ಧ ದಿನ ಜಗಳ ಆಯಿತು, ಚೈನ್ ಬಗ್ಗೆ ಯಾರೂ ಮಾತಾಡಲಿಲ್ಲ. ‘ಜಂಟಿ’ ಅಂತ ಮೂರನೇ ಕಾಲಂ ಹಾಕಿಸೋಕೆ ಮ್ಯಾನೇಜ್‌ಮೆಂಟ್ ಜೊತೆ ಎರಡು ತಿಂಗಳು ಹಿಡಿಯಿತು. ಸಾಫ್ಟ್‌ವೇರಿನಲ್ಲಿ ಆ ಕಾಲಂ ಇಲ್ಲವಂತೆ, ಈಗಲೂ ಪೆನ್ನಿನಲ್ಲೇ ಬರೆಯುತ್ತೇವೆ. ರೆಸಾರ್ಟ್ ಬಿಲ್ ಮಾತ್ರ ಒಂದೇ ದಿನದಲ್ಲಿ ಪಾಸಾಗಿತ್ತು.

ಹೊರಗಿನ ಊಟ ಬೇಡ ಅಂತಲ್ಲ. ಸೀಸನ್ ಮುಗಿದ ಮೇಲೆ ಮಾಡಿ, ತಂಡಗಳನ್ನು ಕಲಸಿ ಮಾಡಿ, ಭಾಷಣ ಕನ್ನಡದಲ್ಲಿರಲಿ, ಅರ್ಧ ಗಂಟೆಗೆ ಮುಗಿಯಲಿ.

ಸದ್ಯದ ಅದಲುಬದಲು ಪಟ್ಟಿಯಲ್ಲಿ ಕೇನ್, ಮಿಲ್, ಲ್ಯಾಬ್, ವೇಬ್ರಿಡ್ಜ್ ಎಲ್ಲರ ಹೆಸರೂ ಇದೆ. ಅಕೌಂಟ್ಸಿನಿಂದ ಮಾತ್ರ ಒಬ್ಬರೂ ಬಂದಿಲ್ಲ. ಹದಿನಾಲ್ಕು ದಿನದ ಬಿಲ್ ಇದೆಯಂತೆ.